ಗಡ್ಡೆಯೊಳಗಿನ ರೋಗನಿರೋಧಕ ಕೋಶಗಳು ಮತ್ತು ರೇಡಿಯೇಷನ್ ಚಿಕಿತ್ಸೆಯ ಫಲಿತಾಂಶ: ಪದೇ ಪದೇ ಕೇಳುವ ಪ್ರಶ್ನೆಗಳು

ಬಯಾಪ್ಸಿ ವರದಿಯಲ್ಲಿ “ಸ್ಟ್ರೋಮಲ್ ಟಿಐಎಲ್ 30%” ಎಂದಿದೆ. ಯಾವುದರ ಮೂವತ್ತು ಭಾಗ ಅದು?

ಗಡ್ಡೆಯ ಜೀವಕೋಶಗಳ ಮೂವತ್ತು ಭಾಗವಂತೂ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಟಿಐಎಲ್ ಎಂದರೆ ರಕ್ತದಿಂದ ಗಡ್ಡೆಯೊಳಕ್ಕೆ ಬಂದು ಸೇರಿಕೊಂಡ ಲಿಂಫೋಸೈಟುಗಳು, ಅಂದರೆ ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಒಂದು ಬಗೆ. ಕ್ಯಾನ್ಸರ್ ಕೋಶಗಳು ಗುಂಪುಗುಂಪಾಗಿ ಬೆಳೆಯುತ್ತವೆ. ಆ ಗುಂಪುಗಳ ನಡುವೆ ನಾರು, ರಕ್ತನಾಳಗಳು ತುಂಬಿದ ಆಧಾರ ಅಂಗಾಂಶ ಇರುತ್ತದೆ, ಅದೇ ಸ್ಟ್ರೋಮಾ. ಸ್ಟ್ರೋಮಾದ ಒಟ್ಟು ವಿಸ್ತೀರ್ಣದಲ್ಲಿ ಎಷ್ಟು ಪಾಲನ್ನು ಲಿಂಫೋಸೈಟು ಮತ್ತು ಪ್ಲಾಸ್ಮಾ ಕೋಶಗಳು ಆವರಿಸಿವೆ ಎಂಬುದನ್ನು ಆ 30% ಹೇಳುತ್ತದೆ. ಲಿಂಫೋಸೈಟುಗಳು ಒಂದಕ್ಕೊಂದು ಅಂಟಿಕೊಂಡು ಕೂರುವುದಿಲ್ಲ, ನಡುವೆ ಸ್ವಲ್ಪ ಖಾಲಿ ಜಾಗ ಉಳಿದರೂ ಪೂರ್ತಿ ತುಂಬಿದೆ ಎಂದೇ ಲೆಕ್ಕ. ಸ್ತನ ಕ್ಯಾನ್ಸರಿನಲ್ಲಿ ಈ ಪಾಲು 50ರಿಂದ 60% ಮೀರಿದರೆ “ಲಿಂಫೋಸೈಟ್ ಪ್ರಧಾನ ಗಡ್ಡೆ” ಎನ್ನುವ ರೂಢಿಯಿದೆ.

ವಿಕಿರಣ ಕ್ಯಾನ್ಸರ್ ಕೋಶದ ಡಿಎನ್ಎಯನ್ನೇ ಕತ್ತರಿಸುತ್ತದಲ್ಲ, ರೋಗನಿರೋಧಕ ಕೋಶಕ್ಕೆ ಅಲ್ಲೇನು ಕೆಲಸ?

ಡಿಎನ್ಎ ಕತ್ತರಿಸುವುದು ನಿಜ, ಆದರೆ ಅದು ಅರ್ಧ ಕಥೆ ಮಾತ್ರ. 1979ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗವೊಂದನ್ನು ಇಂದಿಗೂ ಉದಾಹರಿಸುತ್ತಾರೆ. ಒಂದೇ ಬಗೆಯ ಗಡ್ಡೆಯನ್ನು ಎರಡು ಗುಂಪಿನ ಇಲಿಗಳಲ್ಲಿ ಬೆಳೆಸಲಾಯಿತು. ರೋಗನಿರೋಧಕ ಶಕ್ತಿ ಸರಿಯಿದ್ದ ಇಲಿಗಳಲ್ಲಿ ಅರ್ಧದಷ್ಟು ಗಡ್ಡೆಗಳು ಗುಣವಾಗಲು 30 ಗ್ರೇ (ವಿಕಿರಣದ ಪ್ರಮಾಣ ಅಳೆಯುವ ಮಾನ) ವಿಕಿರಣ ಸಾಕಾಯಿತು. ಟಿ ಕೋಶಗಳನ್ನು (ಲಿಂಫೋಸೈಟುಗಳ ಒಂದು ಬಗೆ) ಕುಂದಿಸಿದ ಇಲಿಗಳಲ್ಲಿ ಅದೇ ಫಲ ಸಿಗಲು 64.5 ಗ್ರೇ ಬೇಕಾಯಿತು. ಗಡ್ಡೆ ಅದೇ, ಕಿರಣ ಅದೇ, ಬೇಕಾದ ಪ್ರಮಾಣ ಮಾತ್ರ ಎರಡು ಪಟ್ಟಿಗೂ ಹೆಚ್ಚು.

ಒಳಗೆ ನಡೆಯುವುದು ಹೀಗೆ. ವಿಕಿರಣದ ಏಟಿಗೆ ಸಾಯುವ ಕೋಶ ತನ್ನ ಹೊರಪೊರೆಯ ಮೇಲೆ ಕ್ಯಾಲ್‌ರೆಟಿಕ್ಯುಲಿನ್ ಎಂಬ ಪ್ರೋಟೀನನ್ನು ತೋರಿಸುತ್ತದೆ, ಎಟಿಪಿ ಮತ್ತು ಎಚ್ಎಂಜಿಬಿ1 ಎಂಬ ಅಣುಗಳನ್ನು ಹೊರಚೆಲ್ಲುತ್ತದೆ. ಡೆಂಡ್ರಿಟಿಕ್ ಕೋಶಗಳಿಗೆ ಇವು ಅಪಾಯದ ಕರೆಗಳು. ಅವು ಸತ್ತ ಕೋಶದ ಚೂರುಗಳನ್ನು ಹತ್ತಿರದ ದುಗ್ಧಗ್ರಂಥಿಗೆ ಒಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ಇತ್ತ, ಕತ್ತರಿಸಿಹೋದ ಡಿಎನ್ಎ ತುಣುಕುಗಳು ಕೋಶದ್ರವಕ್ಕೆ ಜಾರಿದಾಗ ಸಿಜಿಎಎಸ್–ಸ್ಟಿಂಗ್ ಎಂಬ ಎಚ್ಚರಿಕೆಯ ವ್ಯವಸ್ಥೆ ಚಾಲೂ ಆಗಿ ಇಂಟರ್‌ಫೆರಾನ್ ಎಂಬ ಸಂದೇಶವಾಹಕ ಪ್ರೋಟೀನು ಹೊರಡುತ್ತದೆ. ಬದುಕುಳಿದ ಕ್ಯಾನ್ಸರ್ ಕೋಶಗಳ ಮೇಲೂ ಎಂಎಚ್‌ಸಿ-1 ಎಂಬ, ಕೋಶದೊಳಗಿನ ಪ್ರೋಟೀನು ಚೂರುಗಳನ್ನು ಹೊರಗೆ ತೋರಿಸುವ ಅಣುಗಳು ಹೆಚ್ಚುತ್ತವೆ. ಅವಿತು ಕೂತಿದ್ದ ಕೋಶ ಹೀಗೆ ಟಿ ಕೋಶದ ಕಣ್ಣಿಗೆ ಬೀಳುತ್ತದೆ.

ಅದೇ ವಿಕಿರಣ ಎದುರು ದಿಕ್ಕಿಗೂ ಎಳೆಯುತ್ತದೆ. ರೋಗನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುವ ಟಿಜಿಎಫ್-ಬೀಟಾ ಎಂಬ ಪ್ರೋಟೀನು ಸಕ್ರಿಯವಾಗುತ್ತದೆ, ಟಿ ಕೋಶವನ್ನು ತಡೆಯುವ ಪಿಡಿ-ಎಲ್1 ಅಣು ಏರುತ್ತದೆ, ಗಾಯ ಮಾಯಿಸುವ ನೆಪದಲ್ಲಿ ಗಡ್ಡೆಗೆ ನೆರವಾಗುವ ಮ್ಯಾಕ್ರೋಫೇಜು ಎಂಬ ರೋಗನಿರೋಧಕ ಕೋಶಗಳು ಬಂದು ಸೇರುತ್ತವೆ. ಚಿಕಿತ್ಸೆ ಶುರುವಾಗುವ ಮೊದಲೇ ಗಡ್ಡೆಯೊಳಗೆ ಯಾರಿದ್ದರು ಎಂಬುದಕ್ಕೆ ಇಷ್ಟು ಬೆಲೆ ಬಂದಿರುವುದು ಈ ಎಳೆದಾಟದಿಂದ.

ಹಾಗಾದರೆ ಲಿಂಫೋಸೈಟು ಹೆಚ್ಚಿದ್ದಷ್ಟೂ ಒಳ್ಳೆಯದೇ?

ಎಣಿಕೆಗಿಂತ ಜಾತಿ ಮತ್ತು ಜಾಗ ಮುಖ್ಯ. ಸಿಡಿ8 ಟಿ ಕೋಶಗಳು ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುತ್ತವೆ. ಫಾಕ್ಸ್‌ಪಿ3 ಗುರುತಿರುವ ನಿಯಂತ್ರಕ ಟಿ ಕೋಶಗಳು ಅವುಗಳ ಕೈ ಕಟ್ಟುತ್ತವೆ. ಸಾಮಾನ್ಯ ಎಚ್ ಅಂಡ್ ಇ ಬಣ್ಣದ ಸ್ಲೈಡಿನಲ್ಲಿ ಎರಡೂ ಒಂದೇ ಥರದ ಸಣ್ಣ ನೀಲಿ ಚುಕ್ಕೆಗಳು. 40% ಟಿಐಎಲ್ ಇರುವ ಎರಡು ಗಡ್ಡೆಗಳಲ್ಲಿ ಒಂದರಲ್ಲಿ ಕೊಲ್ಲುವವರು ಮೇಲುಗೈ ಪಡೆದಿರಬಹುದು, ಇನ್ನೊಂದರಲ್ಲಿ ತಡೆಯುವವರು.

ಜಾಗದ ವಿಚಾರ ಬಂದಾಗ ಮೂರು ಚಿತ್ರಗಳು ಕಾಣುತ್ತವೆ. ಟಿ ಕೋಶಗಳು ಕ್ಯಾನ್ಸರ್ ಗುಂಪುಗಳ ಒಳಗೇ ನುಸುಳಿದ್ದರೆ ಅದು “ಬಿಸಿ” ಗಡ್ಡೆ. ಎಲ್ಲೂ ಇಲ್ಲದಿದ್ದರೆ “ತಣ್ಣನೆಯ” ಗಡ್ಡೆ. ಮೂರನೆಯದು ಮೋಸ ಮಾಡುವಂಥದ್ದು: ಅಂಚಿನಲ್ಲಿ ಟಿ ಕೋಶಗಳು ಕಿಕ್ಕಿರಿದಿರುತ್ತವೆ, ಒಳಗೆ ಒಂದೂ ಇರುವುದಿಲ್ಲ. ಇದು “ಹೊರಗಿಟ್ಟ” ಗಡ್ಡೆ. ಸರಾಸರಿ ತೆಗೆದರೆ ಅಂಕಿ ಚೆನ್ನಾಗಿಯೇ ಬರುತ್ತದೆ, ಆದರೆ ನಾರಿನ ಗೋಡೆ ದಾಟದ ಕೋಶ ಕೊಲ್ಲಲಾರದು. ನಡುಭಾಗ ಮತ್ತು ಅಂಚು ಎರಡರಲ್ಲೂ ಸಿಡಿ3 (ಎಲ್ಲ ಟಿ ಕೋಶಗಳ ಗುರುತು), ಸಿಡಿ8 ಕೋಶಗಳನ್ನು ಬೇರೆಬೇರೆಯಾಗಿ ಎಣಿಸುವ ಇಮ್ಯುನೋಸ್ಕೋರ್ ವಿಧಾನ ಕರುಳಿನ ಕ್ಯಾನ್ಸರಿನಲ್ಲಿ ಬೆಳೆದುಬಂದದ್ದು ಇದೇ ಕಾರಣಕ್ಕೆ.

ಯಾವ ಕ್ಯಾನ್ಸರುಗಳಲ್ಲಿ ಈ ನಂಟು ಗಟ್ಟಿಯಾಗಿದೆ?

ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಬಹಳ ಸ್ಪಷ್ಟ. ಕೀಮೋ-ರೇಡಿಯೇಷನ್ ಪಡೆದವರಲ್ಲಿ ಸಿಡಿ8 ದಟ್ಟವಾಗಿದ್ದ ಗಡ್ಡೆಗಳು ಮರುಕಳಿಸುವುದು ಕಡಿಮೆ. ಎಚ್‌ಪಿವಿ ವೈರಸ್ಸಿನಿಂದ ಬರುವ ಗಂಟಲಿನ ಕ್ಯಾನ್ಸರ್ ರೇಡಿಯೇಷನ್ನಿಗೆ ಚೆನ್ನಾಗಿ ಮಣಿಯುವುದಕ್ಕೆ ಒಂದು ಕಾರಣ, ವೈರಸ್ಸಿನ ಪ್ರೋಟೀನುಗಳನ್ನು ಗುರುತಿಸುವ ಟಿ ಕೋಶಗಳು ಅಲ್ಲಿ ಮೊದಲೇ ಇರುವುದು. ಎಚ್‌ಪಿವಿ ಇದ್ದೂ ಲಿಂಫೋಸೈಟು ವಿರಳವಾಗಿದ್ದರೆ ಆ ಅನುಕೂಲ ಬಹಳಷ್ಟು ಕರಗಿಹೋಗುತ್ತದೆ. ಗರ್ಭಕಂಠದ ಕ್ಯಾನ್ಸರಿನಲ್ಲೂ ಇದೇ ಒಲವು. ಗುದನಾಳದ ಕ್ಯಾನ್ಸರಿನಲ್ಲಿ ಚಿಕಿತ್ಸೆಗೆ ಮುಂಚಿನ ಬಯಾಪ್ಸಿಯಲ್ಲಿ ಸಿಡಿ3, ಸಿಡಿ8 ಹೆಚ್ಚಿದ್ದಷ್ಟೂ ಕೀಮೋ-ರೇಡಿಯೇಷನ್ನಿಗೆ ಗಡ್ಡೆ ಕರಗುವ ಸಾಧ್ಯತೆ ಹೆಚ್ಚು.

ಎಲ್ಲ ಕಡೆಯೂ ಹೀಗೇ ಎಂದುಕೊಳ್ಳಬೇಡಿ. ಮೂತ್ರಪಿಂಡದ ಕ್ಲಿಯರ್ ಸೆಲ್ ಕ್ಯಾನ್ಸರಿನಲ್ಲಿ ಸಿಡಿ8 ಹೆಚ್ಚಿದ್ದರೆ ಮುನ್ನೋಟ ಕೆಡುವುದೇ ಹೆಚ್ಚು, ಏಕೆಂದರೆ ಅಲ್ಲಿನ ಕೋಶಗಳು ದಣಿದು ಕೂತಿರುತ್ತವೆ. ಮಿದುಳಿನ ಗ್ಲಿಯೋಬ್ಲಾಸ್ಟೋಮಾದಲ್ಲಿ ಲಿಂಫೋಸೈಟುಗಳೇ ಅಪರೂಪ. ಅಲ್ಲಿನ ರೋಗನಿರೋಧಕ ಕೋಶಗಳಲ್ಲಿ ಹೆಚ್ಚಿನವು ಮ್ಯಾಕ್ರೋಫೇಜು ಮತ್ತು ಮೈಕ್ರೋಗ್ಲಿಯಾ, ಅವೂ ಗಡ್ಡೆಯ ಪರ.

ಟಿಐಎಲ್ ಹೆಚ್ಚಿದೆ ಎಂದು ಸ್ತನ ಕ್ಯಾನ್ಸರಿನಲ್ಲಿ ರೇಡಿಯೇಷನ್ ಬಿಡಬಹುದೇ?

ಬಿಡಬಾರದು. ಈ ಪ್ರಶ್ನೆ ತುಂಬಾ ಬರುತ್ತದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು.

ಒಂದು ಗುರುತು ಎರಡು ಬೇರೆಬೇರೆ ಮಾತುಗಳನ್ನು ಹೇಳಬಲ್ಲದು. ಈ ರೋಗಿಯ ಮುಂದಿನ ದಾರಿ ಹೇಗಿದೆ ಎಂಬುದು ಮೊದಲನೆಯದು. ಈ ಚಿಕಿತ್ಸೆ ಕೊಟ್ಟರೆ ಕೊಡದಿದ್ದಕ್ಕಿಂತ ಎಷ್ಟು ಲಾಭ ಎಂಬುದು ಎರಡನೆಯದು. ಎಲ್ಲರಿಗೂ ರೇಡಿಯೇಷನ್ ಕೊಟ್ಟ ಅಧ್ಯಯನದಲ್ಲಿ ಮೊದಲನೆಯದು ಮಾತ್ರ ತಿಳಿಯುತ್ತದೆ. ಎರಡನೆಯದಕ್ಕೆ ಉತ್ತರ ಬೇಕಾದರೆ ಚೀಟಿ ಎತ್ತಿದಂತೆ ಕೆಲವರಿಗೆ ರೇಡಿಯೇಷನ್ ಕೊಟ್ಟು ಕೆಲವರಿಗೆ ಕೊಡದ ಪ್ರಯೋಗವೇ ಬೇಕು.

ಅಂಥ ಎರಡು ಹಳೆಯ ಪ್ರಯೋಗಗಳ ಅಂಗಾಂಶಗಳನ್ನು ಮತ್ತೆ ಪರೀಕ್ಷಿಸಲಾಗಿದೆ. ಸ್ವೀಡನ್ನಿನಲ್ಲಿ 1991ರಿಂದ 1997ರವರೆಗೆ ನಡೆದ ಸ್ವೆಬಿಸಿಜಿ91ಆರ್‌ಟಿ ಪ್ರಯೋಗದಲ್ಲಿ ಸ್ತನ ಉಳಿಸಿ ಗಡ್ಡೆ ತೆಗೆದ ಮಹಿಳೆಯರಿದ್ದರು. ಟಿಐಎಲ್ 10% ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಅದೇ ಸ್ತನದಲ್ಲಿ ಮರುಕಳಿಸುವುದು ಕಡಿಮೆಯಿತ್ತು. ರೇಡಿಯೇಷನ್ನಿನ ಲಾಭ ಟಿಐಎಲ್ ಕಡಿಮೆಯಿದ್ದವರಲ್ಲಿ ಎದ್ದು ಕಂಡಿತು. ಆದರೆ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಡೆನ್ಮಾರ್ಕಿನ ಡಿಬಿಸಿಜಿ82ಬಿಸಿ ಪ್ರಯೋಗದಲ್ಲಿ ಇಡೀ ಸ್ತನ ತೆಗೆದ, ಹೆಚ್ಚು ಅಪಾಯದ ರೋಗಿಗಳಿದ್ದರು. ಅಲ್ಲಿ ಚಿತ್ರ ತಿರುವುಮುರುವು: ಟಿಐಎಲ್ 30% ಮತ್ತು ಮೇಲಿದ್ದವರಲ್ಲೇ ರೇಡಿಯೇಷನ್ನಿನಿಂದ ಆಯುಷ್ಯದ ಲಾಭ ಹೆಚ್ಚು.

ಇವೆರಡೂ ಒಂದನ್ನೊಂದು ಸುಳ್ಳು ಮಾಡುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಒಂದು ಅಳೆದದ್ದು ಸ್ತನದಲ್ಲಿ ಮರುಕಳಿಕೆ, ಇನ್ನೊಂದು ಅಳೆದದ್ದು ಬದುಕಿದ ವರ್ಷಗಳು. ರೋಗದ ಹಂತ ಬೇರೆ, ಗೆರೆ ಎಳೆದ ಶೇಕಡಾವಾರು ಬೇರೆ. ಆದರೆ ಇಷ್ಟು ಭಿನ್ನವಾಗಿ ನಡೆಯುವ ಅಂಕಿಯನ್ನು ನಂಬಿ ಒಬ್ಬರ ಚಿಕಿತ್ಸೆಯನ್ನು ಕೈಬಿಡುವುದು ತಪ್ಪು.

ಗಡ್ಡೆ ತೀರಾ “ಬಿಸಿ”ಯಾಗಿದ್ದು ರೇಡಿಯೇಷನ್ನೇ ಬೇಡವಾದ ಉದಾಹರಣೆ ಗುದನಾಳದಲ್ಲಿದೆ. ಡಿಎನ್ಎ ತಿದ್ದುವ ವ್ಯವಸ್ಥೆ ಕೆಟ್ಟಿರುವ, ಅಂದರೆ ಡಿಎಂಎಂಆರ್ ಬಗೆಯ ಗಡ್ಡೆಗಳಿಗೆ ಆರು ತಿಂಗಳು ಡೋಸ್ಟಾರ್ಲಿಮಾಬ್ ಎಂಬ ಇಮ್ಯುನೋಥೆರಪಿ ಔಷಧ (ಟಿ ಕೋಶಗಳ ಬ್ರೇಕ್ ತೆಗೆಯುವಂಥದ್ದು) ಕೊಟ್ಟಾಗ, 2022ರಲ್ಲಿ ವರದಿಯಾದ ಮೊದಲ 12 ರೋಗಿಗಳಲ್ಲೂ ಗಡ್ಡೆ ಪೂರ್ತಿ ಮಾಯವಾಗಿತ್ತು. ಆದರೆ ಅಲ್ಲಿ ನಿರ್ಧಾರಕ್ಕೆ ಆಧಾರವಾದದ್ದು ಡಿಎಂಎಂಆರ್ ಪರೀಕ್ಷೆ, ಟಿಐಎಲ್ ಅಂಕಿಯಲ್ಲ.

ಲಿಂಫೋಸೈಟು ವಿಕಿರಣಕ್ಕೆ ಬೇಗ ಸಾಯುತ್ತದೆ ಎನ್ನುತ್ತಾರೆ. ಗಡ್ಡೆಯೊಳಗಿನವು ಮೊದಲ ವಾರದಲ್ಲೇ ಸಾಯುವುದಿಲ್ಲವೇ?

ರಕ್ತದಲ್ಲಿ ಓಡಾಡುವ ಲಿಂಫೋಸೈಟುಗಳು ನಿಜವಾಗಿಯೂ ಸೂಕ್ಷ್ಮ. ಒಂದು ಗ್ರೇಗಿಂತ ಕಡಿಮೆ ಪ್ರಮಾಣವೂ ಅವನ್ನು ಕುಂದಿಸುತ್ತದೆ. ಅಂಗಾಂಶದೊಳಗೆ ನೆಲೆನಿಂತವು ಅಷ್ಟು ಸೂಕ್ಷ್ಮವಲ್ಲ. ಗಡ್ಡೆಯ ವಾತಾವರಣದಲ್ಲಿರುವ ಟಿಜಿಎಫ್-ಬೀಟಾ ಅವನ್ನು ಮಾರ್ಪಡಿಸಿ ಗಟ್ಟಿಗೊಳಿಸುತ್ತದೆ, ರೇಡಿಯೇಷನ್ ನಂತರವೂ ಅವು ಬದುಕುಳಿದು ಕೆಲಸ ಮುಂದುವರಿಸುತ್ತವೆ ಎಂದು 2019ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಕ್ಯಾನ್ಸರಿಗೆ ನೆರವಾಗುವ ಟಿಜಿಎಫ್-ಬೀಟಾವೇ ಇಲ್ಲಿ ಕಾವಲುಗಾರನನ್ನೂ ಉಳಿಸುತ್ತದೆ. ಚಿಕಿತ್ಸೆಗೆ ಮುಂಚಿನ ಎಣಿಕೆ ಫಲಿತಾಂಶದ ಸುಳಿವು ಕೊಡುವುದಕ್ಕೆ ಇದೂ ಒಂದು ಕಾರಣ.

ಚಿಕಿತ್ಸೆಯ ನಡುವೆ ರಕ್ತದಲ್ಲಿ ಲಿಂಫೋಸೈಟು ತೀರಾ ಇಳಿದಿದೆ. ರೇಡಿಯೇಷನ್ ನಿಲ್ಲಿಸಬೇಕೇ?

ಲಿಂಫೋಸೈಟು ಇಳಿದದ್ದಕ್ಕೇ ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ವಯಸ್ಕರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಸುಮಾರು 1000ದಿಂದ 4000 ಇರುವುದು ಸಹಜ. 500ಕ್ಕಿಂತ ಕೆಳಗಿಳಿದರೆ ಮೂರನೇ ದರ್ಜೆ, 200ಕ್ಕಿಂತ ಕೆಳಗಾದರೆ ನಾಲ್ಕನೇ ದರ್ಜೆ. ನ್ಯೂಟ್ರೋಫಿಲ್, ಪ್ಲೇಟ್‌ಲೆಟ್ ಕುಸಿತಕ್ಕೆ ಇರುವಷ್ಟು ಕಟ್ಟುನಿಟ್ಟಿನ ಕ್ರಮ ಇದಕ್ಕಿಲ್ಲ. ಮಿದುಳಿನ ಗಡ್ಡೆಗೆ ರೇಡಿಯೇಷನ್ ಜೊತೆ ಟೆಮೊಜೊಲೊಮೈಡ್ ಎಂಬ ಕೀಮೋ ಔಷಧ ತೆಗೆದುಕೊಳ್ಳುವವರಿಗೆ ಮಾತ್ರ ನ್ಯುಮೋಸಿಸ್ಟಿಸ್ ಎಂಬ ಶ್ವಾಸಕೋಶದ ಸೋಂಕು ಬಾರದಂತೆ ಮುಂಚಿತವಾಗಿಯೇ ಔಷಧ ಕೊಡುತ್ತಾರೆ. ಜ್ವರ, ಒಣಕೆಮ್ಮು, ಏದುಸಿರು ಕಂಡರೆ ಅದೇ ದಿನ ತಿಳಿಸಿ.

ಇಳಿಯುವುದು ಏಕೆ ಎಂಬುದರಲ್ಲಿ ತಿಳಿಯಬೇಕಾದದ್ದು ಬಹಳವಿದೆ. ಕಿರಣ ಬೀಳುವ ಜಾಗದ ಮೂಲಕ ರಕ್ತ ಹರಿಯುತ್ತಲೇ ಇರುತ್ತದೆ. ಮಿದುಳಿಗೆ 30 ದಿನಗಳಲ್ಲಿ 60 ಗ್ರೇ ಕೊಡುವ ಚಿಕಿತ್ಸೆಯ ಗಣಿತ ಮಾದರಿಯೊಂದನ್ನು ನೋಡಿ: ಒಂದು ದಿನದ ಕೊನೆಗೆ 0.5 ಗ್ರೇ ಅಥವಾ ಹೆಚ್ಚು ತಗುಲಿದ ರಕ್ತ ಸುಮಾರು 5% ಮಾತ್ರ, 30 ದಿನ ಮುಗಿಯುವಷ್ಟರಲ್ಲಿ ಅದು 99%. ಹೃದಯ, ದೊಡ್ಡ ರಕ್ತನಾಳ, ಶ್ವಾಸಕೋಶ, ಗುಲ್ಮ, ಮೂಳೆಮಜ್ಜೆ ಕಿರಣದ ದಾರಿಯಲ್ಲಿದ್ದರೆ ಪೆಟ್ಟು ಇನ್ನೂ ಹೆಚ್ಚು. ಹಲವು ಬಗೆಯ ಕ್ಯಾನ್ಸರುಗಳಲ್ಲಿ ತೀವ್ರ ಲಿಂಫೋಸೈಟು ಕೊರತೆ ಕಂಡವರ ಆಯುಷ್ಯ ಸರಾಸರಿಯಲ್ಲಿ ಕಡಿಮೆ. ಆದ್ದರಿಂದ ಪ್ಲಾನ್ ಮಾಡುವ ಹಂತದಲ್ಲಿ ಗುರಿಯ ಗಾತ್ರವನ್ನು ಅಗತ್ಯಕ್ಕಿಂತ ಹಿಗ್ಗಿಸದಿರುವುದು, ಕಡಿಮೆ ದಿನಗಳಲ್ಲಿ ಮುಗಿಸಲು ಪುರಾವೆ ಇರುವಲ್ಲಿ ಹಾಗೆ ಮುಗಿಸುವುದು, ಗುಲ್ಮ–ಮಜ್ಜೆಗಳ ಮೇಲೆ ಬೀಳುವ ಪ್ರಮಾಣವನ್ನು ಕಣ್ಣಿಟ್ಟು ನೋಡುವುದು ಒಳ್ಳೆಯದು. ಹಾಗೆಂದು ಗಡ್ಡೆಗೆ ಸಲ್ಲಬೇಕಾದ ಪ್ರಮಾಣವನ್ನು ಕಡಿತ ಮಾಡಿ ಲಿಂಫೋಸೈಟು ಉಳಿಸುವುದು ಸಲ್ಲದು.

ಲ್ಯಾಬಿನಲ್ಲಿ ಎಣಿಕೆ ಹೇಗೆ ನಡೆಯುತ್ತದೆ, ಎಲ್ಲಿ ಕೆಡುತ್ತದೆ?

ಅಂಗಾಂಶ ದೇಹದಿಂದ ಹೊರಬಂದ ಒಂದು ಗಂಟೆಯೊಳಗೆ 10% ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್ನಿಗೆ ಬೀಳಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ಕಡಿಮೆಯಾದರೆ ಒಳಭಾಗ ಸರಿಯಾಗಿ ಹದವಾಗದೆ ಬಣ್ಣ ತೇಪೆತೇಪೆಯಾಗಿ ಹಿಡಿಯುತ್ತದೆ. ಅತಿಯಾದರೆ ಪ್ರತಿಕಾಯ ಅಂಟಬೇಕಾದ ಜಾಗಗಳು ಮುಚ್ಚಿಹೋಗುತ್ತವೆ. ಮೇಣದ ಬ್ಲಾಕಿನಿಂದ 4ರಿಂದ 5 ಮೈಕ್ರಾನ್ ದಪ್ಪದ ಸೀಳು ತೆಗೆಯಬೇಕು. ದಪ್ಪವಾದರೆ ಕೋಶಗಳು ಒಂದರ ಮೇಲೊಂದು ಬಿದ್ದು ಎಣಿಕೆ ಉಬ್ಬುತ್ತದೆ.

ಎಚ್ ಅಂಡ್ ಇ ಸ್ಲೈಡನ್ನು ಮೊದಲು ಕಡಿಮೆ ವರ್ಧನೆಯಲ್ಲಿ ನೋಡಿ ಗಡ್ಡೆಯ ಗಡಿ ಗುರುತಿಸಿ, ಆಮೇಲೆ 200ರಿಂದ 400 ಪಟ್ಟು ವರ್ಧನೆಯಲ್ಲಿ ಅಂದಾಜು ಮಾಡುತ್ತಾರೆ. ಗಡಿಯ ಹೊರಗಿನವನ್ನು ಎಣಿಸಬಾರದು. ಕೊಳೆತ ಭಾಗ, ಹಿಂದಿನ ಸೂಜಿ ಚುಚ್ಚಿದ ಗಾಯದ ಸುತ್ತಮುತ್ತ, ಜಜ್ಜಿಹೋದ ಭಾಗ ಬಿಡಬೇಕು. ನ್ಯೂಟ್ರೋಫಿಲ್ ಲೆಕ್ಕಕ್ಕಿಲ್ಲ. ಅತಿ ದಟ್ಟವಾದ ಒಂದು ಮೂಲೆ ಹುಡುಕಿ ಅಂಕಿ ಬರೆಯುವುದು ತೀರಾ ಸಾಮಾನ್ಯ ತಪ್ಪು. ಬರೆಯಬೇಕಾದದ್ದು ಇಡೀ ಪ್ರದೇಶದ ಸರಾಸರಿ.

ಸಿಡಿ8, ಫಾಕ್ಸ್‌ಪಿ3 ಬೇರ್ಪಡಿಸಲು ಇಮ್ಯುನೋಹಿಸ್ಟೋಕೆಮಿಸ್ಟ್ರಿ, ಅಂದರೆ ಪ್ರತಿಕಾಯ ಅಂಟಿಸಿ ಬಣ್ಣ ಬರಿಸುವ ಪರೀಕ್ಷೆ, ಬೇಕು. ಪ್ರತಿ ಸುತ್ತಿನಲ್ಲೂ ಟಾನ್ಸಿಲ್ ಅಂಗಾಂಶವನ್ನು ಹೋಲಿಕೆಗೆ ಇಡಬೇಕು. ಅದರಲ್ಲೇ ಬಣ್ಣ ಬರದಿದ್ದರೆ ರೋಗಿಯ ಸ್ಲೈಡಿನ “ಸೊನ್ನೆ”ಗೆ ಅರ್ಥವಿಲ್ಲ. ಮೂಳೆಯ ಬಯಾಪ್ಸಿಯನ್ನು ಬಲವಾದ ಆಮ್ಲದಲ್ಲಿ ಮೆದುಗೊಳಿಸಿದ್ದರೆ ಫಲಿತಾಂಶವನ್ನು ಅನುಮಾನದಿಂದಲೇ ನೋಡಿ.

ಇದೆಲ್ಲ ಸರಿಯಿದ್ದರೂ ಮಾದರಿಯ ತೊಂದರೆ ಉಳಿಯುತ್ತದೆ. ಸೂಜಿ ಬಯಾಪ್ಸಿಯ ಎಳೆ ಒಂದೆರಡು ಮಿಲಿಮೀಟರ್ ಅಗಲವೂ ಇರುವುದಿಲ್ಲ, ಗಡ್ಡೆಯ ಒಂದು ಮಗ್ಗುಲಿನಂತೆ ಇನ್ನೊಂದು ಇರುವುದಿಲ್ಲ. ದುಗ್ಧಗ್ರಂಥಿಯಿಂದ ತೆಗೆದ ತುಣುಕಿನಲ್ಲಂತೂ ಟಿಐಎಲ್ ಎಣಿಸುವುದೇ ತಪ್ಪುದಾರಿ: ಅಲ್ಲಿರುವ ಲಿಂಫೋಸೈಟುಗಳು ಆ ಗ್ರಂಥಿಯ ಮೂಲನಿವಾಸಿಗಳು. ಟಾನ್ಸಿಲ್ ಮತ್ತು ನಾಲಿಗೆಯ ಬುಡದ ಗಡ್ಡೆಗಳಲ್ಲೂ ಈ ಗೊಂದಲ ಕಾಡುತ್ತದೆ.

ಪಿಡಿ-ಎಲ್1 ಪರೀಕ್ಷೆ ಮಾಡಿಸಿದ್ದೇವೆ. ಇದೂ ಅದೇ ಅಲ್ಲವೇ?

ಅಲ್ಲ. ಪಿಡಿ-ಎಲ್1 ಟಿ ಕೋಶವನ್ನು ತಡೆಯುವ ಅಣು. ಟಿ ಕೋಶಗಳು ಸುರಿಸುವ ಇಂಟರ್‌ಫೆರಾನ್ ಗಾಮಾದಿಂದ ಅದು ಏರುವುದರಿಂದ ಎರಡೂ ಒಟ್ಟಿಗೆ ಕಾಣಿಸಿಕೊಳ್ಳುವುದುಂಟು. ಆದರೆ ಟಿ ಕೋಶವೇ ಇಲ್ಲದೆ ಗಡ್ಡೆಯ ಜೀನ್ ಬದಲಾವಣೆಯಿಂದಲೂ ಅದು ಏರಬಲ್ಲದು.

ಒಂದು ದಿನದ ಪ್ರಮಾಣ ಬದಲಾಯಿಸಿದರೆ ರೋಗನಿರೋಧಕ ಪ್ರತಿಕ್ರಿಯೆ ಹೆಚ್ಚುತ್ತದೆಯೇ?

ಇಲಿಗಳಲ್ಲಿ ಇದಕ್ಕೆ ಸೊಗಸಾದ ಉತ್ತರವಿದೆ. 8 ಗ್ರೇಯಂತೆ ಮೂರು ಸಲ ಕೊಟ್ಟಾಗ ಇಂಟರ್‌ಫೆರಾನ್ ಚೆನ್ನಾಗಿ ಹೊಮ್ಮಿತು. ಒಂದೇ ಏಟಿಗೆ 12ರಿಂದ 18 ಗ್ರೇ ದಾಟಿದಾಗ ಟ್ರೆಕ್ಸ್1 ಎಂಬ ಕಿಣ್ವ ಎದ್ದು, ಕೋಶದ್ರವಕ್ಕೆ ಬಂದ ಡಿಎನ್ಎ ತುಣುಕುಗಳನ್ನು ಅಳಿಸಿಬಿಟ್ಟಿತು, ಎಚ್ಚರಿಕೆಯೇ ಮೊಳಗಲಿಲ್ಲ. ಮನುಷ್ಯರ ಚಿಕಿತ್ಸೆಗೆ ಇದನ್ನು ಸೂತ್ರವಾಗಿ ಇಳಿಸಲು ಬರುವುದಿಲ್ಲ. ದಿನದ ಪ್ರಮಾಣವನ್ನು ಇಂದಿಗೂ ನಿರ್ಧರಿಸುವುದು ಗಡ್ಡೆಯ ನಿಯಂತ್ರಣ ಮತ್ತು ಸುತ್ತಲಿನ ಅಂಗಗಳ ಸುರಕ್ಷತೆ.

ಇಮ್ಯುನೋಥೆರಪಿಯನ್ನು ರೇಡಿಯೇಷನ್ ಜೊತೆ ಕೊಟ್ಟರೆ ಎಲ್ಲರಿಗೂ ಅನುಕೂಲವೇ?

ಅಂಗ ಯಾವುದು, ಯಾವಾಗ ಕೊಟ್ಟರು ಎಂಬುದರ ಮೇಲೆ ನಿಂತಿದೆ. ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲದ ಮೂರನೇ ಹಂತದ ಶ್ವಾಸಕೋಶದ ಕ್ಯಾನ್ಸರಿನಲ್ಲಿ ಕೀಮೋ-ರೇಡಿಯೇಷನ್ ಮುಗಿದ 1ರಿಂದ 42 ದಿನಗಳೊಳಗೆ ಡುರ್ವಾಲುಮಾಬ್ ಶುರುಮಾಡಿದ ಪೆಸಿಫಿಕ್ ಪ್ರಯೋಗದಲ್ಲಿ ಐದು ವರ್ಷ ಬದುಕಿದವರು 42.9%, ಔಷಧವಿಲ್ಲದ ಗುಂಪಿನಲ್ಲಿ 33.4%. ಅದೇ ಔಷಧವನ್ನು ಕೀಮೋ-ರೇಡಿಯೇಷನ್ ಜೊತೆಜೊತೆಗೇ ಶುರುಮಾಡಿದ ಪೆಸಿಫಿಕ್-2 ಗುರಿ ಮುಟ್ಟಲಿಲ್ಲ. ತಲೆ–ಕುತ್ತಿಗೆಯಲ್ಲಿ ಅವೆಲುಮಾಬನ್ನು ಜೊತೆಗೆ ಕೊಟ್ಟ ಜಾವೆಲಿನ್ ಪ್ರಯೋಗವೂ ಸೋತಿತು. ಗರ್ಭಕಂಠದಲ್ಲಿ ಜೊತೆಗೇ ಕೊಟ್ಟು ಗೆದ್ದ ಉದಾಹರಣೆಯಿದೆ: ಹೆಚ್ಚು ಅಪಾಯದ ರೋಗಿಗಳಿಗೆ ಪೆಂಬ್ರೊಲಿಜುಮಾಬ್ ಕೊಟ್ಟ ಕೀನೋಟ್-ಎ18ರಲ್ಲಿ ಮೂರು ವರ್ಷ ಬದುಕಿದವರು 82.6%, ಕೊಡದವರಲ್ಲಿ 74.8%.

ತಲೆ–ಕುತ್ತಿಗೆಯಲ್ಲಿ ಸೋತದ್ದೇಕೆ ಎಂಬುದಕ್ಕೆ ಒಂದು ವಿವರಣೆ ನಮಗೆ ಬಲವಾಗಿ ಕಾಣುತ್ತದೆ. ಅಲ್ಲಿ ಮುನ್ನೆಚ್ಚರಿಕೆಗೆಂದು ಕುತ್ತಿಗೆಯ ದುಗ್ಧಗ್ರಂಥಿಗಳಿಗೂ ವಾರಗಟ್ಟಲೆ ವಿಕಿರಣ ಬೀಳುತ್ತದೆ. ಟಿ ಕೋಶಗಳು ತರಬೇತಿ ಪಡೆಯುವ ಜಾಗವೇ ಅದು. ತರಬೇತಿಯ ಮನೆಯನ್ನೇ ಕೆಡವಿ, ಬ್ರೇಕ್ ತೆಗೆಯುವ ಔಷಧ ಕೊಟ್ಟರೆ ಓಡಲು ಯಾರೂ ಇರುವುದಿಲ್ಲ.

ಒಂದು ಕಡೆ ರೇಡಿಯೇಷನ್ ಕೊಟ್ಟರೆ ಬೇರೆ ಕಡೆಯ ಗಡ್ಡೆಯೂ ಕರಗುತ್ತದಂತೆ?

ಅಬ್‌ಸ್ಕೋಪಲ್ ಪರಿಣಾಮ ಎಂದು ಇದಕ್ಕೆ 1953ರಲ್ಲೇ ಹೆಸರು ಬಂದಿದೆ. ಇದೆ, ಆದರೆ ಬಹಳ ಅಪರೂಪ. ಇದನ್ನು ನಂಬಿ ಚಿಕಿತ್ಸೆಯ ಯೋಜನೆ ಹಾಕುವುದಿಲ್ಲ.

ಊತಕ್ಕೆ ಡೆಕ್ಸಾಮೆಥಾಸೋನ್ ಕೊಡುತ್ತಿದ್ದಾರೆ. ಅದರಿಂದ ಟಿ ಕೋಶಗಳು ಕುಗ್ಗುವುದಿಲ್ಲವೇ?

ಕುಗ್ಗುತ್ತವೆ. ಪ್ರೆಡ್ನಿಸೋನ್ ಲೆಕ್ಕದಲ್ಲಿ ದಿನಕ್ಕೆ 10 ಮಿಲಿಗ್ರಾಂ, ಅಂದರೆ ಡೆಕ್ಸಾಮೆಥಾಸೋನ್ ಸುಮಾರು 1.5 ಮಿಲಿಗ್ರಾಂ, ದಾಟಿದವರಲ್ಲಿ ಇಮ್ಯುನೋಥೆರಪಿಯ ಫಲಿತಾಂಶ ಕಡಿಮೆ ಕಂಡಿದೆ. ಆದರೂ ಮಿದುಳಿನ ಊತಕ್ಕೆ, ಬೆನ್ನುಹುರಿಯ ಒತ್ತಡಕ್ಕೆ, ರೇಡಿಯೇಷನ್ನಿನಿಂದ ಬಂದ ಶ್ವಾಸಕೋಶದ ಉರಿಯೂತಕ್ಕೆ ಸ್ಟೆರಾಯ್ಡ್ ಬೇಕೇ ಬೇಕು. ನೀವಾಗಿಯೇ ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೆ ಕುತ್ತು. ಕೇಳಬೇಕಾದ ಪ್ರಶ್ನೆ ಇದು: “ಇದನ್ನು ಯಾವಾಗ, ಎಷ್ಟೆಷ್ಟು ಇಳಿಸುತ್ತೀರಿ?”

ಚಿಕಿತ್ಸೆ ಮುಗಿದ ಕೂಡಲೇ ಸ್ಕ್ಯಾನ್ ಅಥವಾ ಬಯಾಪ್ಸಿ ಮಾಡಿಸಿ ಟಿ ಕೋಶ ಬಂದಿವೆಯೇ ನೋಡಬಹುದೇ?

ಅವಸರ ಬೇಡ. ವಿಕಿರಣದ ನಂತರದ ಉರಿಯೂತ ಪೆಟ್-ಸಿಟಿಯಲ್ಲಿ ಗಡ್ಡೆಯಂತೆಯೇ ಹೊಳೆಯುತ್ತದೆ. ತಲೆ–ಕುತ್ತಿಗೆಯಲ್ಲಿ ಅದಕ್ಕಾಗಿಯೇ ಸುಮಾರು 12 ವಾರ ಕಾಯುತ್ತಾರೆ. ಬೇಗ ತೆಗೆದ ಬಯಾಪ್ಸಿಯಲ್ಲಿ ಕಾಣುವ ಕ್ಯಾನ್ಸರ್ ಕೋಶಗಳಲ್ಲಿ ಕೆಲವು ಸಾಯಲಿರುವವು. ವಿಭಜನೆಯಾಗಲು ಹೊರಟಾಗಲೇ ಅವು ಬೀಳುತ್ತವೆ.

ಟಿಐಎಲ್ ಕಡಿಮೆ ಬಂದಿದೆ. ಹೆಚ್ಚಿಸಲು ನಮ್ಮ ಕೈಯಲ್ಲಿ ಏನಿದೆ?

ಗಡ್ಡೆಯೊಳಕ್ಕೆ ಟಿ ಕೋಶ ಕರೆತರುತ್ತದೆ ಎಂದು ಸಾಬೀತಾದ ಆಹಾರ, ಪುಡಿ, ಮಾತ್ರೆ ಯಾವುದೂ ಇಲ್ಲ. ಕಡಿಮೆ ಅಂಕಿ ಬಂದವರಲ್ಲೂ ರೇಡಿಯೇಷನ್ನಿನಿಂದ ಗುಣವಾಗುವವರು ಬಹಳ ಮಂದಿ. ಫಲಿತಾಂಶವನ್ನು ನಿಜವಾಗಿ ಅಲುಗಾಡಿಸುವ ಎರಡು ಸಂಗತಿಗಳು ಮಾತ್ರ ಕೈಯಲ್ಲಿವೆ. ಒಂದು, ಧೂಮಪಾನ ಬಿಡುವುದು. ಸಿಗರೇಟು, ಬೀಡಿಯ ಕಾರ್ಬನ್ ಮೊನಾಕ್ಸೈಡ್ ಗಡ್ಡೆಗೆ ತಲುಪುವ ಆಮ್ಲಜನಕವನ್ನು ಇಳಿಸುತ್ತದೆ, ಆಮ್ಲಜನಕವಿಲ್ಲದ ಕ್ಯಾನ್ಸರ್ ಕೋಶವನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಟ್ಟು ವಿಕಿರಣ ಬೇಕು. ಟಿ ಕೋಶಗಳೂ ಅಂಥ ಜಾಗದಲ್ಲಿ ಸೊರಗುತ್ತವೆ. ಇನ್ನೊಂದು, ದಿನ ತಪ್ಪಿಸದಿರುವುದು. ತಲೆ–ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದು ದಿನ ಲಂಬಿಸಿದರೆ ಗಡ್ಡೆ ನಿಯಂತ್ರಣಕ್ಕೆ ಬರುವ ಸಾಧ್ಯತೆ ಸುಮಾರು 1ರಿಂದ 1.4% ಕುಸಿಯುತ್ತದೆ. ಯಂತ್ರ ಕೆಟ್ಟೋ, ಜ್ವರ ಬಂದೋ ಒಂದು ದಿನ ತಪ್ಪಿದರೆ “ಕೊನೆಗೆ ಒಂದು ದಿನ ಸೇರಿಸಿ” ಎಂದು ಸುಮ್ಮನಾಗಬೇಡಿ. ರಜಾದಿನದಲ್ಲಿ ಕೊಡಲು ಆಗುತ್ತದೆಯೇ, ಇಲ್ಲವೇ ಒಂದೇ ದಿನ ಕನಿಷ್ಠ ಆರು ಗಂಟೆ ಅಂತರವಿಟ್ಟು ಎರಡು ಸಲ ಕೊಡಲು ಆಗುತ್ತದೆಯೇ ಎಂದು ಅದೇ ವಾರದಲ್ಲಿ ವಿಭಾಗದವರನ್ನು ಕೇಳಿ.